ನೆರಳಿಗೂ ಬಣ್ಣವುಂಟು: ಸರ್ ಸಿ.ವಿ. ರಾಮನ್ ಅವರ ಬಾಳು ಮತ್ತು ಬೆಳಕು

ಮಲೆನಾಡಿಗೆ ನೆರಳಿನ ಬರ ಎಂದೂ ಬಂದದ್ದಿಲ್ಲ. ಸಾಗರದ ಅಡಿಕೆ ತೋಟ, ಹೊಸನಗರದ ಕಣಿವೆ, ತೀರ್ಥಹಳ್ಳಿಯ ತುಂಗೆಯ ದಡ, ಎಲ್ಲಿ ನಿಂತರೂ ಬಿಸಿಲಿಗಿಂತ ನೆರಳಿನ ಪಾಲೇ ಹೆಚ್ಚು. ನೆರಳೆಂದರೆ ಕಪ್ಪು ಎಂಬುದು ನಮ್ಮೆಲ್ಲರ ರೂಢಿಯ ತಿಳಿವಳಿಕೆ. ಆದರೆ ಮೋಡವಿಲ್ಲದ ಮಾಘಮಾಸದ ಬೆಳಗಿನಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಕಂಬದ ನೆರಳನ್ನು ನಿಧಾನವಾಗಿ ದಿಟ್ಟಿಸಿದರೆ ಅದು ಕಪ್ಪಲ್ಲ, ಮಸುಕಾದ ನೀಲಿ ಎಂಬುದು ಕಣ್ಣಿಗೆ ಬೀಳುತ್ತದೆ. ಕಂಬವು ಸೂರ್ಯನನ್ನು ಮಾತ್ರ ಮರೆಮಾಡಿದೆ, ಆಕಾಶವನ್ನಲ್ಲ. ಆಕಾಶದ ನೀಲಿ ಬೆಳಕು ಆ ನೆರಳಿನೊಳಕ್ಕೆ ಎಲ್ಲ ಕಡೆಯಿಂದಲೂ ಇಳಿಯುತ್ತಲೇ ಇರುತ್ತದೆ. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷಗಳ ಹಿಂದೆಯೇ ಇದನ್ನು ಗಮನಿಸಿ ಬರೆದಿಟ್ಟಿದ್ದನು.

ಇಂದು ಗಣಕಯಂತ್ರವು ಡಿಜಿಟಲ್ ಚಿತ್ರವೊಂದರಲ್ಲಿ ನೆರಳು ಯಾವುದು, ನಿಜವಾಗಿಯೂ ಕಪ್ಪಾದ ವಸ್ತು ಯಾವುದು ಎಂದು ಬೇರ್ಪಡಿಸುವುದು ಬಹುಮಟ್ಟಿಗೆ ಈ ಸರಳ ಸತ್ಯದ ಬಲದಿಂದಲೇ. ಬೆಳಕು ಚದುರುವ ಬಗೆಯನ್ನು, ಅದರಿಂದ ಬಣ್ಣ ಹುಟ್ಟುವ ಬಗೆಯನ್ನು ಬಿಡಿಸಿ ತೋರಿಸುವುದಕ್ಕೆ ಇಡೀ ಬಾಳನ್ನು ತೆತ್ತ ವಿಜ್ಞಾನಿ ಸರ್ ಚಂದ್ರಶೇಖರ ವೆಂಕಟ ರಾಮನ್. ತಮ್ಮ ಬದುಕಿನ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅದೇ ಮಣ್ಣಿನಲ್ಲಿ ಸೇರಿಹೋದ ಅವರು ಡಿಜಿಟಲ್ ಚಿತ್ರವನ್ನು ಕಂಡವರಲ್ಲ. ಆದರೂ ಆ ವಿದ್ಯೆಯ ಬೇರನ್ನು ಹುಡುಕುತ್ತ ಹೋದರೆ ನಾವು ಹೋಗಿ ನಿಲ್ಲುವುದು ಅವರ ಬಳಿಯಲ್ಲೇ.

ಮಲೆನಾಡಿನವರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಡಾ. ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಉನ್ನತ ಮಟ್ಟದ ಕಾರ್ಯತಂಡವು 2013ರಲ್ಲಿ ಪಶ್ಚಿಮ ಘಟ್ಟಗಳ ಸೂಕ್ಷ್ಮ ಪ್ರದೇಶವನ್ನು ಗುರುತಿಸಿದ್ದು ಉಪಗ್ರಹ ಚಿತ್ರಗಳ ಆಧಾರದಿಂದ. ಕರ್ನಾಟಕದ ಪಾಲಿಗೆ ಬಂದದ್ದು 20,668 ಚದರ ಕಿಲೋಮೀಟರ್. 2014ರ ಮಾರ್ಚ್‌ನಲ್ಲಿ ಹೊರಬಂದ ಕರಡು ಅಧಿಸೂಚನೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳ ಹೆಸರಿದ್ದವು. ತೋಟವೂ ಕಾಡೂ ಮೇಲಿನಿಂದ ಒಂದೇ ಹಸಿರಾಗಿ ಕಾಣುತ್ತವೆ, ಎರಡನ್ನೂ ಬೇರ್ಪಡಿಸಿಲ್ಲ ಎಂಬುದು ಇಲ್ಲಿನ ಬೆಳೆಗಾರರ ಆಕ್ಷೇಪವಾಯಿತು. ಆಕ್ಷೇಪದ ಸರಿತಪ್ಪುಗಳೇನೇ ಇರಲಿ, ಆಕಾಶದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆಯ ಬಣ್ಣವನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಅಂದಿನಿಂದ ಮಲೆನಾಡಿನ ಮನೆಯಂಗಳಕ್ಕೇ ಬಂದು ನಿಂತಿತು. ಆ ಓದಿನಲ್ಲಿ ಮೊದಲು ಎದುರಾಗುವ ತೊಡಕೇ ನೆರಳು.

ಬೆಳಕಿನ ಅಂಚಿನಲ್ಲಿ ಮೊದಲ ಹೆಜ್ಜೆ

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕರಾಗಿದ್ದುದರಿಂದ ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಬಾಲಕನು ಓದಿನಲ್ಲಿ ಎಷ್ಟು ಮುಂದಿದ್ದನೆಂದರೆ, ಇನ್ನೂ ಹದಿನಾರು ತುಂಬುವ ಮುನ್ನವೇ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪದವಿಯನ್ನು ಮೊದಲ ಸ್ಥಾನದೊಡನೆ ಪಡೆದನು. ಭೌತಶಾಸ್ತ್ರದ ಚಿನ್ನದ ಪದಕವೂ ಅವನದಾಯಿತು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಪಟ್ಟಕವೊಂದರ ಮೇಲೆ ಓರೆಯಾಗಿ ಬಿದ್ದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ ಅವರಿಗೆ ವಿಚಿತ್ರವೊಂದು ಕಂಡಿತು. ಬೆಳಕಿನ ಅಂಚಿನಲ್ಲಿ ಮೂಡುವ ಪಟ್ಟೆಗಳು ಎರಡೂ ಬದಿಯಲ್ಲಿ ಸಮನಾಗಿರಲಿಲ್ಲ. ಆಯತಾಕಾರದ ಕಿಂಡಿಯೊಂದರ ಮೂಲಕ ಹಾಯ್ದ ಬೆಳಕು ಬಾಗಿ ಹರಡುವಾಗ ಉಂಟಾಗುವ ಈ ಅಸಮತೆಯ ಕುರಿತು ಬರೆದ ಲೇಖನ 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಬರೆದವರಿಗೆ ಆಗ ಹದಿನೆಂಟು ವರ್ಷ. ಬೆಳಕು ಎಲ್ಲಿ ಮುಗಿಯುತ್ತದೆ, ನೆರಳು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯು ಕಣ್ಣಿಗೆ ತೋರುವಷ್ಟು ನೇರವಲ್ಲ ಎಂಬ ಅರಿವಿನಿಂದಲೇ ಅವರ ಸಂಶೋಧನೆಯ ಬದುಕು ತೊಡಗಿತು.

ಆ ಕಾಲದಲ್ಲಿ ವಿಜ್ಞಾನವನ್ನೇ ನೆಚ್ಚಿ ಬದುಕುವ ದಾರಿ ಭಾರತೀಯನಿಗೆ ತೆರೆದಿರಲಿಲ್ಲ. ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1907ರಲ್ಲಿ ಅವರು ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು. ಅದೇ ವರ್ಷ ಲೋಕಸುಂದರಿ ಅವರೊಡನೆ ವಿವಾಹವೂ ನಡೆಯಿತು. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಕಟ್ಟಡ ರಾಮನ್ ಅವರ ಕಣ್ಣಿಗೆ ಬಿದ್ದದ್ದು ಅವರ ಬಾಳಿನ ತಿರುವು. ಹಗಲು ಸರ್ಕಾರದ ಲೆಕ್ಕಪತ್ರ, ಮುಂಜಾನೆ ಮತ್ತು ಸಂಜೆ ಸಂಘದ ಪ್ರಯೋಗಶಾಲೆ, ಹೀಗೆ ಹತ್ತು ವರ್ಷ ಸಾಗಿತು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾದರೂ ಪ್ರಯೋಗ ನಿಲ್ಲಲಿಲ್ಲ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪೀಠದ ಪ್ರಾಧ್ಯಾಪಕರಾಗಲು ಕರೆ ಬಂದಾಗ, ಹೆಚ್ಚಿನ ಸಂಬಳದ ಸರ್ಕಾರಿ ಹುದ್ದೆಗೆ ಅವರು ನಿಸ್ಸಂಕೋಚವಾಗಿ ರಾಜೀನಾಮೆ ಕೊಟ್ಟರು.

ಕಡಲಿನ ನೀಲಿಯ ಪ್ರಶ್ನೆ

1921ರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ರಾಮನ್ ಅವರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹಡಗಿನಲ್ಲಿ ಪಯಣಿಸಿದರು. ಮೆಡಿಟರೇನಿಯನ್ ಕಡಲಿನ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿಗೆ ತನ್ನದೇ ಆದ ಬಣ್ಣವಿಲ್ಲ, ಅದು ಪ್ರತಿಫಲಿಸಿದ ಆಕಾಶದ ನೀಲಿ ಮಾತ್ರ ಎಂಬುದು ಅಂದಿನ ಮಹಾವಿಜ್ಞಾನಿ ಲಾರ್ಡ್ ರ‍್ಯಾಲೆ ಅವರ ಅಭಿಪ್ರಾಯವಾಗಿತ್ತು. ಆಕಾಶವೇಕೆ ನೀಲಿ ಎಂಬುದನ್ನು 1871ರಲ್ಲಿ ವಿವರಿಸಿದವರೂ ರ‍್ಯಾಲೆಯವರೇ. ಗಾಳಿಯ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವಾಗ, ತರಂಗಾಂತರವು ಕಿರಿದಾದಷ್ಟೂ ಚದುರುವಿಕೆ ಅದರ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಹೆಚ್ಚುತ್ತದೆ. 650 ನ್ಯಾನೋಮೀಟರ್‌ನ ಕೆಂಪಿಗೆ ಹೋಲಿಸಿದರೆ 450 ನ್ಯಾನೋಮೀಟರ್‌ನ ನೀಲಿ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರುತ್ತದೆ.

ಅಷ್ಟು ದೊಡ್ಡವರ ಮಾತನ್ನು ಪರೀಕ್ಷಿಸಲು ರಾಮನ್ ಅವರ ಬಳಿ ಇದ್ದದ್ದು ಜೇಬಿನಲ್ಲಿ ಹಿಡಿಸುವ ನಿಕಲ್ ಪಟ್ಟಕ. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುತ್ತದೆ. ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಆ ಪ್ರತಿಫಲನವನ್ನು ಪೂರ್ತಿಯಾಗಿ ಅಳಿಸಬಹುದು. ಹಡಗಿನ ಮೇಲಿನಿಂದ ಹಾಗೆ ಆಕಾಶದ ಪ್ರತಿಬಿಂಬವನ್ನು ಅಳಿಸಿ ನೋಡಿದಾಗ ಕಡಲಿನ ನೀಲಿ ಮಾಸಲಿಲ್ಲ, ಇನ್ನಷ್ಟು ಕಳೆಗಟ್ಟಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತೀರ್ಮಾನಿಸಿದರು. ಮರಳಿ ಬರುವಾಗ ನಾರ್ಕುಂಡ ಹಡಗಿನಲ್ಲಿಯೇ ಬರೆದ ಟಿಪ್ಪಣಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ಮುಖ್ಯ ಕಾರಣವೆಂಬುದು ಇಂದಿನ ತಿಳಿವಳಿಕೆ. ಆದರೂ ಮೇಲ್ಮೈಯ ಬೆಳಕನ್ನೂ ಒಳಗಿನ ಬೆಳಕನ್ನೂ ಬೇರೆ ಮಾಡಿ ನೋಡಬೇಕೆಂಬ ಅವರ ಕ್ರಮ ಅಚಲವಾಗಿ ಉಳಿಯಿತು.

ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ರಾಮನ್ ಮತ್ತು ಅವರ ಶಿಷ್ಯರು ಏಳು ವರ್ಷ ದುಡಿದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರು ನೀರಿನಲ್ಲಿ ಚದುರಿದ ಬೆಳಕಿನೊಡನೆ ಬೇರೆ ಬಣ್ಣದ ಕ್ಷೀಣ ಬೆಳಕೊಂದು ಬೆರೆತಿರುವುದನ್ನು ಕಂಡರು. ಅದನ್ನು ದ್ರವದ ಕಲ್ಮಷವೆಂದು ತಳ್ಳಿಹಾಕುವುದು ಸುಲಭವಿತ್ತು. ರಾಮನ್ ಹಾಗೆ ಮಾಡಲಿಲ್ಲ. ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿ, ಬೀಳುವ ಬೆಳಕಿನ ದಾರಿಯಲ್ಲಿ ನೇರಳೆ ಗಾಜನ್ನೂ, ನೋಡುವ ಕಣ್ಣಿನ ಮುಂದೆ ಹಸಿರು ಗಾಜನ್ನೂ ಇಟ್ಟು ಪರೀಕ್ಷಿಸಲಾಯಿತು. ಬಣ್ಣ ಬದಲಾಗದಿದ್ದರೆ ಎರಡನೆಯ ಗಾಜಿನ ಹಿಂದೆ ಕತ್ತಲೆಯಲ್ಲದೆ ಬೇರೇನೂ ಕಾಣಬಾರದು. ಆದರೆ ಅಲ್ಲಿ ಬೆಳಕಿನ ಗೆರೆ ಕಂಡಿತು. 1928ರ ಫೆಬ್ರವರಿ 28ರಂದು, ಕೆ.ಎಸ್. ಕೃಷ್ಣನ್ ಅವರ ನೆರವಿನೊಡನೆ, ಆ ಹೊಸ ಬೆಳಕು ಖಚಿತವಾಯಿತು. ಅದೇ ಮಾರ್ಚ್ 16ರಂದು ರಾಮನ್ ಅವರು ತಮ್ಮ ಶೋಧವನ್ನು ವಿವರವಾಗಿ ಸಾರ್ವಜನಿಕರ ಮುಂದಿಟ್ಟದ್ದು ಬೆಂಗಳೂರಿನ ಸಭೆಯಲ್ಲಿ. ಎರಡೇ ವರ್ಷಗಳಲ್ಲಿ, 1930ರಲ್ಲಿ, ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂದಿತು.

ಈ ಪ್ರಯೋಗದ ಒಳಗುಟ್ಟನ್ನು ಓದುಗರು ಗಮನಿಸಬೇಕು. ಬೆಳಕು ಎಷ್ಟಿದೆ ಎಂದು ಅಳೆದಿದ್ದರೆ ರಾಮನ್ ಪರಿಣಾಮವು ಸಿಗುತ್ತಿರಲಿಲ್ಲ, ಅದು ಅಷ್ಟು ಕ್ಷೀಣ. ಬೆಳಕು ಯಾವ ಬಣ್ಣದ್ದು ಎಂದು ಕೇಳಿದ್ದರಿಂದ ಅದು ಸಿಕ್ಕಿತು. ಡಿಜಿಟಲ್ ಚಿತ್ರದ ನೆರಳಿಗೂ ಇದೇ ಮಾತು ಸಲ್ಲುತ್ತದೆ.

ಬೆಂಗಳೂರಿನ ಕಹಿ ಮತ್ತು ಸಿಹಿ

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯ ಅವರು. ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು, ಯುರೋಪಿನಲ್ಲಿ ನೆಲೆ ತಪ್ಪಿದ್ದ ಮ್ಯಾಕ್ಸ್ ಬಾರ್ನ್ ಅವರಂತಹ ಮೇಧಾವಿಯನ್ನು 1935ರಲ್ಲಿ ಬೆಂಗಳೂರಿಗೆ ಕರೆತಂದರು. ಆದರೆ ಅವರ ವೇಗವೂ, ನಯ ಮರೆತ ನೇರ ಮಾತೂ ಹಲವರಿಗೆ ಹಿಡಿಸಲಿಲ್ಲ. ಒಂದು ವಿಭಾಗಕ್ಕೇ ಹಣ ಹರಿಯುತ್ತಿದೆ ಎಂಬ ದೂರು ಎದ್ದಿತು, ಪರಿಶೀಲನಾ ಸಮಿತಿ ಬಂದಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಅವಮಾನವನ್ನು ನುಂಗಿಕೊಂಡು, ಅದೇ ಸಂಸ್ಥೆಯಲ್ಲಿ ಬರಿಯ ಪ್ರಾಧ್ಯಾಪಕರಾಗಿ 1948ರವರೆಗೆ ದುಡಿದರು.

ಅವರಲ್ಲಿ ಕುಂದುಗಳಿರಲಿಲ್ಲ ಎಂದಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿ, ಆಕೆ ಪಟ್ಟು ಹಿಡಿದ ಬಳಿಕ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧ ಜೀವರಸಾಯನ ವಿಜ್ಞಾನಿಯಾದರು. ನೋಟದ ವಿಷಯದಲ್ಲಿ ಅಷ್ಟು ಹರಿತವಾಗಿದ್ದ ಕಣ್ಣು ಇಲ್ಲಿ ಮಬ್ಬಾಗಿತ್ತು.

1940ರಲ್ಲಿ ಅವರ ಪ್ರಯೋಗಶಾಲೆಗೆ ಬಂದ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ನೆಪದಲ್ಲಿ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಧೃತಿಗೆಡದ ಅನ್ನಾ ಮಣಿ 1948ರಲ್ಲಿ ಹವಾಮಾನ ಇಲಾಖೆ ಸೇರಿ, ದೇಶದ ಉದ್ದಗಲಕ್ಕೆ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ಸೂರ್ಯನಿಂದ ನೇರವಾಗಿ ಬರುವ ಬೆಳಕೆಷ್ಟು, ಆಕಾಶದಿಂದ ಚದುರಿ ಬರುವ ಬೆಳಕೆಷ್ಟು ಎಂದು ಎರಡನ್ನೂ ಪ್ರತ್ಯೇಕವಾಗಿ ಅಳೆಯುವ ಕೆಲಸವದು. ಬಿಸಿಲಿನಲ್ಲಿ ಇವೆರಡೂ ಇರುತ್ತವೆ, ನೆರಳಿನಲ್ಲಿ ಎರಡನೆಯದು ಮಾತ್ರ. ನೆರಳಿನ ಶಾಸ್ತ್ರವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಯುದ್ಧದ ಕಾರಣ ಕೇಂಬ್ರಿಜ್‌ನಿಂದ ಮರಳಿದ್ದ ವಿಕ್ರಮ್ ಸಾರಾಭಾಯಿ ಅವರೂ ಇದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಮುಂದೆ ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದವರು, 1923ರಲ್ಲಿ ಆ ಕ್ಷೀಣ ಬೆಳಕನ್ನು ಕಂಡಿದ್ದ ರಾಮನಾಥನ್. 1969ರಲ್ಲಿ ಇಸ್ರೊ ಜನ್ಮ ತಾಳಿದ್ದು ಸಾರಾಭಾಯಿ ಅವರ ಮುಂದಾಳ್ತನದಲ್ಲಿ. ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಮೇಲೇರಿತು. ಪಶ್ಚಿಮ ಘಟ್ಟದ ವರದಿ ಸಿದ್ಧಪಡಿಸಿದ ಕಸ್ತೂರಿರಂಗನ್ ಅವರು 1994ರಿಂದ 2003ರವರೆಗೆ ಅದೇ ಇಸ್ರೊದ ಅಧ್ಯಕ್ಷರಾಗಿದ್ದವರು. ಬೌಬಜಾರ್ ಬೀದಿಯಿಂದ ಕೊಡಚಾದ್ರಿಯ ನೆತ್ತಿಯವರೆಗೆ ಗುರುಶಿಷ್ಯರ ಸಾಲು ಹೀಗೆ ಹಬ್ಬಿದೆ.

ಹೂವು, ಕಣ್ಣು ಮತ್ತು ಒಂದು ಸೋಲು

ಮೈಸೂರು ಮಹಾರಾಜರು ಭಾರತೀಯ ವಿಜ್ಞಾನ ಅಕಾಡೆಮಿಗೆ ನೀಡಿದ್ದ ಭೂಮಿಯಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅಕಾಡೆಮಿಯನ್ನು 1934ರಲ್ಲಿ ಕಟ್ಟಿದವರೂ ಅವರೇ. ಸರ್ಕಾರದ ಹಣ ಬಂದರೆ ಸರ್ಕಾರದ ಹಂಗೂ ಬರುತ್ತದೆಂದು ದಾನಿಗಳಿಂದ ಕೂಡಿಸಿದ ಹಣದಲ್ಲಿಯೇ ಸಂಸ್ಥೆಯನ್ನು ನಡೆಸಿದರು. 1954ರಲ್ಲಿ ಭಾರತ ರತ್ನ ಬಂದಿತು. ಗಿಡಮರಗಳ ನಡುವೆ, ರತ್ನ, ಶಿಲೆ, ಚಿಟ್ಟೆಗಳ ಸಂಗ್ರಹದ ನಡುವೆ, ಇಳಿವಯಸ್ಸಿನ ಆ ಋಷಿ ಹೂವಿನ ಬಣ್ಣಗಳನ್ನೂ ಮನುಷ್ಯನ ಕಣ್ಣನ್ನೂ ಅಭ್ಯಸಿಸತೊಡಗಿದರು.

ಇಲ್ಲಿಯೇ ಅವರು ಎಡವಿದರು. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿವೆ, ಅವುಗಳ ಸಂಕೇತಗಳು ಕೂಡಿ ಎಲ್ಲ ಬಣ್ಣಗಳೂ ಮೂಡುತ್ತವೆ ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹಳೆಯ ಸಿದ್ಧಾಂತ. ರಾಮನ್ ಅದನ್ನು ಒಪ್ಪಲಿಲ್ಲ. 1964ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಅಕ್ಷಿಪಟಲದ ಒಂದೊಂದೇ ಶಂಕುಕೋಶವನ್ನು ಅಳೆದು ಮೂರು ಬಗೆಗಳಿರುವುದನ್ನು ತೋರಿಸಿದ ಮೇಲೂ ಅವರು ತಮ್ಮ ನಿಲುವನ್ನು ಸಡಿಲಿಸಲಿಲ್ಲ. ದೃಷ್ಟಿಯ ಶರೀರಕ್ರಿಯೆಯನ್ನು ಕುರಿತು 1968ರಲ್ಲಿ ಅವರು ಹೊರತಂದ ಗ್ರಂಥದಲ್ಲಿ ಸೂಕ್ಷ್ಮ ಅವಲೋಕನಗಳು ಬೇಕಾದಷ್ಟಿವೆ. ಆದರೆ ಅದರ ಮೂಲವಾದವನ್ನು ವಿಜ್ಞಾನಲೋಕ ಸ್ವೀಕರಿಸಲಿಲ್ಲ. ರ‍್ಯಾಲೆಯವರ ಮಾತನ್ನು ಕಣ್ಣಾರೆ ಪರೀಕ್ಷಿಸಿ ಗೆದ್ದವರು, ಪ್ರಯೋಗವು ತಮ್ಮ ಎದುರು ನಿಂತಾಗ ಅದಕ್ಕೆ ತಲೆಬಾಗಲಾರದೆ ಹೋದರು.

ಕಾಲದ ವಿಪರ್ಯಾಸವೆಂದರೆ ಡಿಜಿಟಲ್ ಕ್ಯಾಮೆರಾ ನಿಂತಿರುವುದು ಅವರು ಒಪ್ಪದ ಆ ಮೂರು ಬಣ್ಣಗಳ ತತ್ತ್ವದ ಮೇಲೆಯೇ. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಸಿಡಿ ಎಂಬ ಬಿಲ್ಲೆಯನ್ನು ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ 1969ರಲ್ಲಿ ರೂಪಿಸಿದರು. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ದೊರೆಯಿತು. ಬಿಲ್ಲೆಯ ಮುಂದೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಚೌಕುಳಿಯಂತೆ ಜೋಡಿಸುವ ವಿಧಾನಕ್ಕೆ ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದರು.

ಗಣಕಯಂತ್ರ ನೆರಳನ್ನು ಗುರುತಿಸುವ ಬಗೆ

ಡಿಜಿಟಲ್ ಚಿತ್ರದ ಪ್ರತಿಯೊಂದು ಬಿಂದುವೂ ಮೂರು ಅಂಕಿಗಳ ಗಂಟು. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂಬುದು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿರುತ್ತದೆ. ಉದಾಹರಣೆಗೆ ಬಿಸಿಲಿನಲ್ಲಿರುವ ಸುಣ್ಣದ ಗೋಡೆಯ ಬಿಂದು 240, 230, 210 ಎಂದಿರಲಿ. ಅದೇ ಗೋಡೆಯ ನೆರಳಿನ ಬಿಂದು 80, 88, 100 ಆಗಬಹುದು. ಗೋಡೆಯ ಮುಂದೆ ಬಿಸಿಲಿನಲ್ಲಿ ನೇತು ಹಾಕಿದ ಕರಿಯ ಕಂಬಳಿಯ ಬಿಂದು 48, 46, 42. ಬೆಳಕಿನ ಒಟ್ಟು ಪ್ರಮಾಣವನ್ನಷ್ಟೇ ನೋಡಿದರೆ ನೆರಳೂ ಕಂಬಳಿಯೂ ಕಪ್ಪಿನ ಗುಂಪಿಗೇ ಸೇರುತ್ತವೆ. ನೀಲಿಯನ್ನು ಕೆಂಪಿನಿಂದ ಭಾಗಿಸಿ ನೋಡಿ. ಬಿಸಿಲಿನ ಗೋಡೆಗೆ 0.875, ಕಂಬಳಿಗೂ 0.875, ನೆರಳಿಗೆ ಮಾತ್ರ 1.25. ಕಂಬಳಿ ಎಲ್ಲ ಬಣ್ಣಗಳನ್ನೂ ಸಮನಾಗಿ ಹೀರಿತು. ನೆರಳು ಸೂರ್ಯನನ್ನು ಕಳೆದುಕೊಂಡು ಆಕಾಶವನ್ನು ಉಳಿಸಿಕೊಂಡಿತು.

ಲೆಕ್ಕದ ಬಗೆಗಳು ಹಲವು. ಮೂರು ಅಂಕಿಗಳನ್ನು ವರ್ಣ, ವರ್ಣದ ಸಾಂದ್ರತೆ ಮತ್ತು ಪ್ರಖರತೆ ಎಂದು ಮಾರ್ಪಡಿಸಿ, ಪ್ರಖರತೆ ಕುಗ್ಗಿದರೂ ವರ್ಣ ಹೆಚ್ಚು ಬದಲಾಗದ ಜಾಗವನ್ನು ನೆರಳೆಂದು ತೀರ್ಮಾನಿಸುವುದು ಒಂದು ವಿಧಾನ. ರಸ್ತೆಯ ಮೇಲಿನ ವಾಹನವನ್ನು ಅದರ ನೆರಳಿನಿಂದ ಬೇರ್ಪಡಿಸಲು ಇಟಲಿಯ ಸಂಶೋಧಕರು 2000ದ ದಶಕದ ಆರಂಭದಲ್ಲಿ ಈ ಕ್ರಮವನ್ನು ಬೆಳೆಸಿದರು. ಇಲ್ಲದಿದ್ದರೆ ಗಣಕವು ಎರಡು ವಾಹನಗಳ ನೆರಳು ಕೂಡಿಕೊಂಡ ಕಡೆ ಒಂದೇ ದೊಡ್ಡ ವಾಹನವನ್ನು ಎಣಿಸಿಬಿಡುತ್ತಿತ್ತು. ಒಂದೊಂದು ಬಣ್ಣವನ್ನೂ ಉಳಿದೆರಡರೊಡನೆ ಅನುಪಾತಕ್ಕೆ ಇಟ್ಟು, ಬೆಳಕು ಏರಿಳಿದರೂ ಮಿಸುಕದ ಅಂಕಿಗಳನ್ನು ಪಡೆಯುವುದು ಇನ್ನೊಂದು ವಿಧಾನ.

ಮಲೆನಾಡಿಗೆ ಬಂದಾಗ ಈ ಸೂತ್ರಗಳೆಲ್ಲ ಪರೀಕ್ಷೆಗೆ ಒಳಗಾಗುತ್ತವೆ. ಅಡಿಕೆ ಮರದ ಬುಡದ ನೆರಳಿಗೆ ಸೋಗೆಗಳ ಮೂಲಕ ಸೋಸಿದ ಬೆಳಕು ಬೀಳುವುದರಿಂದ ಅದು ನೀಲಿಯಾಗಿರದೆ ಹಸಿರಿಗೆ ತಿರುಗಿರುತ್ತದೆ. ಜಂಬಿಟ್ಟಿಗೆಯ ಕೆಂಪು ನೆಲ ನೀಲಿಯನ್ನು ಹೀರಿಕೊಳ್ಳುವುದರಿಂದ ಅಲ್ಲಿನ ನೆರಳು ಕಂದಾಗಿಯೇ ಉಳಿಯುತ್ತದೆ. ಬಿಸಿಲಿನ ಜಂಬಿಟ್ಟಿಗೆಯೊಡನೆ ನೆರಳಿನ ಜಂಬಿಟ್ಟಿಗೆಯನ್ನೇ ಹೋಲಿಸಬೇಕಲ್ಲದೆ ಗೋಡೆಯೊಡನೆ ಹೋಲಿಸಿ ಫಲವಿಲ್ಲ. ಆಗುಂಬೆಯ ಮಳೆಗಾಲದಲ್ಲಿ ಮೋಡವೇ ಆಕಾಶವಾದಾಗ ನೀಲಿಯೂ ಇಲ್ಲ, ಅಂಚುಳ್ಳ ನೆರಳೂ ಇಲ್ಲ.

ಉಪಗ್ರಹದ ಚಿತ್ರದಲ್ಲಿ ಸಮಸ್ಯೆ ಇನ್ನಷ್ಟು ಬಿಗಿಯಾಗುತ್ತದೆ. ಗಾಳಿಯಲ್ಲಿ ಚದುರಿದ ನೀಲಿ ಬೆಳಕು ಚಿತ್ರವನ್ನು ಮಂಜಾಗಿಸುತ್ತದೆ. 1995ರ ಐಆರ್‌ಎಸ್-1ಸಿ ಹೊತ್ತೊಯ್ದ ಲಿಸ್-3 ಕ್ಯಾಮೆರಾದಲ್ಲಿ ನೀಲಿಯ ಪಟ್ಟಿಯೇ ಇರಲಿಲ್ಲ. ಅದು ನೋಡುತ್ತಿದ್ದುದು ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪನ್ನು. 850 ನ್ಯಾನೋಮೀಟರ್‌ನ ಅವಕೆಂಪು ಬೆಳಕು 450ರ ನೀಲಿಯ ಹನ್ನೆರಡರಲ್ಲಿ ಒಂದು ಪಾಲಿನಷ್ಟೂ ಚದುರುವುದಿಲ್ಲ. ಆದ್ದರಿಂದ ನೆರಳಿನೊಳಕ್ಕೆ ಅವಕೆಂಪು ಇಳಿಯುವುದೇ ಅಪರೂಪ, ಅಲ್ಲಿ ಚಿತ್ರ ಕಾಡಿಗೆಯಂತೆ ಕಪ್ಪಾಗುತ್ತದೆ. ನೀರು ಅವಕೆಂಪನ್ನು ಹೀರಿಕೊಳ್ಳುವುದರಿಂದ ಅದೂ ಹಾಗೆಯೇ ಕಪ್ಪು. ಲಿಂಗನಮಕ್ಕಿಯ ಹಿನ್ನೀರಿನ ಒಂದು ಮೂಲೆ ಮತ್ತು ಡಿಸೆಂಬರ್ ಬೆಳಗಿನಲ್ಲಿ ಬಿಸಿಲು ಕಾಣದ, ವಾಯವ್ಯಕ್ಕೆ ಮುಖ ಮಾಡಿದ ಪ್ರಪಾತ, ಎರಡೂ ಚಿತ್ರದಲ್ಲಿ ಅಣ್ಣತಮ್ಮಂದಿರಂತೆ ತೋರುತ್ತವೆ. ಆಗ ಬಣ್ಣವೊಂದೇ ಸಾಲದು. ಸೂರ್ಯ ಯಾವ ಎತ್ತರದಲ್ಲಿ, ಯಾವ ದಿಕ್ಕಿನಲ್ಲಿದ್ದ, ಬೆಟ್ಟದ ಎತ್ತರವೆಷ್ಟು ಎಂದು ಲೆಕ್ಕ ಹಾಕಿ ನೆರಳು ಬೀಳಲೇಬೇಕಾದ ಜಾಗವನ್ನು ಗುರುತಿಸಬೇಕು. ಬೇರೆ ತಿಂಗಳಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಹಿನ್ನೀರು ಇದ್ದಲ್ಲಿ ಕಪ್ಪು ಉಳಿಯುತ್ತದೆ, ನೆರಳು ಋತುವಿನೊಡನೆ ಸರಿಯುತ್ತದೆ. ಕೊನೆಯ ತೀರ್ಮಾನಕ್ಕೆ ಯಾರಾದರೂ ಆ ಗುಡ್ಡ ಹತ್ತಿ ಕಣ್ಣಾರೆ ನೋಡಿ ಬರುವುದೇ ಲೇಸು.

ನಿಕಲ್ ಪಟ್ಟಕವನ್ನು ಜೇಬಿನಲ್ಲಿಟ್ಟುಕೊಂಡು ಕಡಲನ್ನು ನೋಡಿದ ರಾಮನ್ ಅವರ ಕ್ರಮವೂ ಇದೇ ಆಗಿತ್ತು. ಕಾಣುವ ಬಣ್ಣದಲ್ಲಿ ಯಾವುದು ವಸ್ತುವಿನದು, ಯಾವುದು ಅದರ ಮೇಲೆ ಬಿದ್ದ ಬೆಳಕಿನದು ಎಂದು ಬಿಡಿಸದೆ ಅವರು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ.

1970ರ ಅಕ್ಟೋಬರ್ ಕೊನೆಯ ದಿನಗಳಲ್ಲಿ ಅವರು ಪ್ರಯೋಗಶಾಲೆಯಲ್ಲಿಯೇ ಕುಸಿದರು. ಆಸ್ಪತ್ರೆಯಲ್ಲಿ ಪ್ರಾಣ ಬಿಡಲು ಮನಸ್ಸೊಪ್ಪದೆ ತಮ್ಮ ಸಂಸ್ಥೆಗೇ ಮರಳಿದರು. ನವೆಂಬರ್ 21ರ ಬೆಳಗಿನ ಜಾವ ತೀರಿಕೊಂಡಾಗ ಅವರಿಗೆ 82 ವರ್ಷ. ಅವರ ಇಚ್ಛೆಯಂತೆ ಯಾವ ವಿಧಿಯೂ ಇಲ್ಲದೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಸಮಾಧಿ ಕಟ್ಟಲಿಲ್ಲ, ಆ ಸ್ಥಳದಲ್ಲಿ ಒಂದು ಮರ ನೆಟ್ಟರು. 1987ರಿಂದ ಪ್ರತಿ ಫೆಬ್ರವರಿ 28ರಂದು ದೇಶವು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತ ಬಂದಿದೆ. ಶಾಲೆಗಳಲ್ಲಿ ಅಂದು ಭಾಷಣಗಳಾಗುತ್ತವೆ, ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಆ ದಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಒಂದು ಬಿಳಿಯ ಹಾಳೆಯನ್ನು ಹಾಸಿ, ಅದರ ಮೇಲೆ ಬೀಳುವ ತಮ್ಮ ಕೈಯ ನೆರಳಿನ ಬಣ್ಣ ಯಾವುದೆಂದು ನೋಡಿ ಹೇಳಲು ತಿಳಿಸಿದರೆ ಅದಕ್ಕಿಂತ ತಕ್ಕ ಗೌರವ ಬೇರೆ ಇರಲಾರದು. ಫೆಬ್ರವರಿಯ ಕೊನೆಯಲ್ಲಿ ಸಾಗರದಿಂದ ತೀರ್ಥಹಳ್ಳಿಯವರೆಗೆ ಆಕಾಶ ತಿಳಿಯಾಗಿರುವ ದಿನಗಳೇ ಹೆಚ್ಚು.